ನಾನು ಎದ್ದು ಹೋದ ಕೋಣೆಯ ಪರಿಮಳ

ಮೊದಲು ಸದ್ದು ಬಂತೋ ಪರಿಮಳ ಬಂತೋ, ಖಚಿತವಾಗಿ ಹೇಳಲಾರೆ. ಹೇಳಿದರೆ ಅದು ಆಮೇಲೆ ಜೋಡಿಸಿಕೊಂಡದ್ದು. ಇಷ್ಟು ಗೊತ್ತು: ಮಸ್ಕತ್ತಿನ ನಮ್ಮ ಆಫೀಸಿನ ಮೀಟಿಂಗ್ ಕೋಣೆಯಿಂದ ನಾನು ಎದ್ದು ಹೊರಗೆ ಬಂದೆ. ಬಾಗಿಲು ಮುಚ್ಚಿಕೊಂಡಿತು. ಒಳಗೆ ‘ಪುಸ್’ ಎಂದಿತು. ಬಾಗಿಲ ಸಂದಿಯಿಂದ ನಿಂಬೆಯ ಪರಿಮಳ ಬಂತು. ಯಾರೋ ನಕ್ಕರು. ನಕ್ಕದ್ದು ಬೇರೆ ಯಾವುದಕ್ಕಾದರೂ ಇರಬಹುದು.

ಆಮೇಲೆ ಇನ್ನೊಂದು ದಿನ ಹಾಗೆಯೇ ಆಯಿತು. ಮತ್ತೊಂದು ದಿನ ಕೂಡ.

ನಾನು ಪಂಪ್ ಸ್ಟೇಷನ್‌ಗಳ ಡ್ರಾಯಿಂಗ್ ಮಾಡುವವನು. ಮಸ್ಕತ್ತಿನಿಂದ ದೂರದ ಸುವೈಕ್ ಊರಿನ ಸೈಟಿನದು ಪೂರ್ತಿ ನನ್ನ ಕೆಲಸ. ಆದರೆ ಯುರೋಪಿನಿಂದ ಹೊಸದಾಗಿ ಬಂದಿದ್ದ ಮ್ಯಾನೇಜರ್, ಕ್ಲೈಂಟ್ ಬಂದಾಗ ಅದನ್ನು ವಿವರಿಸಲು ತನ್ನ ದೇಶದ ಒಬ್ಬ ಜೂನಿಯರನ್ನು ನಿಲ್ಲಿಸುತ್ತಿದ್ದ. ಶುರುವಿನಲ್ಲಿ ನಾನು ಒಳಗೆ ಹೋಗಿ ಹಾಳೆಗಳನ್ನು ಹರಡಿಕೊಡಬೇಕು, ಆಮೇಲೆ ಎದ್ದು ಬರಬೇಕು. “ಕ್ಲೈಂಟಿಗೆ ಒಂದು ಮುಖ ಬೇಕಾಗುತ್ತದೆ, ಅರ್ಥವಾಗುತ್ತದಲ್ಲ?” ಎಂದಿದ್ದ. ಅದಕ್ಕೆ ಕೊಡಬಹುದಾಗಿದ್ದ ಉತ್ತರಗಳೆಲ್ಲ ಈಗ ಬರೆಯುವಾಗ ಸಾಲಾಗಿ ಬರುತ್ತಿವೆ. ಆವತ್ತು ಬಂದದ್ದು “ಓಕೆ ಸರ್” ಮಾತ್ರ. ಆಫೀಸಿನಲ್ಲಿ ನನ್ನಷ್ಟೇ ಕಪ್ಪಗಿದ್ದ ತಮಿಳರೊಬ್ಬರಿದ್ದರು. ಮ್ಯಾನೇಜರ್ ಅವರ ಹೆಸರಿನಿಂದ ನನ್ನನ್ನು ಕರೆಯುತ್ತಿದ್ದ, ನನ್ನ ಹೆಸರಿನಿಂದ ಅವರನ್ನು. ನಾವಿಬ್ಬರೂ ಎರಡಕ್ಕೂ ತಿರುಗುತ್ತಿದ್ದೆವು.

ಒಂದು ಮಧ್ಯಾಹ್ನ ಮೀಟಿಂಗ್ ಕೋಣೆ ಖಾಲಿಯಿದ್ದಾಗ ಹೋಗಿ ನೋಡಿದೆ. ಗೋಡೆಯ ಮೇಲೆ, ಆಗಾಗ ತಾನಾಗಿಯೇ ಪರಿಮಳ ಬಿಡುವ ಬಿಳಿ ಡಬ್ಬಿಯಿತ್ತು. ಅಬ್ಬ ಎನ್ನಿಸಿತು. ತಿರುಗಿದರೆ, ಮ್ಯಾನೇಜರ್ ಕೂರುವ ಕುರ್ಚಿಯ ಪಕ್ಕದ ಕಪಾಟಿನ ಮೇಲೆ ಕೈಯಲ್ಲಿ ಹಿಡಿದು ಒತ್ತುವ ಡಬ್ಬಿಯೂ ಇತ್ತು. ಎರಡೂ ನಿಂಬೆಯವೇ.

ಆ ನಂತರದ್ದು ಇಳಿಜಾರು. ಯಾರಾದರೂ ಬೈದಿದ್ದರೆ ಬೈದರು ಎಂದು ಹೇಳಬಹುದಿತ್ತು. ಇದನ್ನು ಹೇಳಲು ಹೋದರೆ ನಾನೇ ವಕೀಲ, ನಾನೇ ಆರೋಪಿ. ಮಧ್ಯಾಹ್ನದ ಬುತ್ತಿ ಒಯ್ಯುವುದನ್ನು ಬಿಟ್ಟೆ. ಆಫೀಸಿನ ಟಾಯ್ಲೆಟ್ಟಿನಲ್ಲಿ ಕಂಕುಳು ತೊಳೆದುಕೊಳ್ಳತೊಡಗಿದೆ. ಬಸ್ಸಿನ ಬಾಗಿಲು ತೆರೆದರೆ ಪುಸ್. ಲುಲುವಿನಂಥ ದೊಡ್ಡ ಅಂಗಡಿಗಳಲ್ಲಿ ತರಕಾರಿಯ ಮೇಲೆ ನೀರು ಚಿಮುಕಿಸುತ್ತಾರಲ್ಲ, ಅಲ್ಲಿಯೂ ಪುಸ್. ಬಾತಿನಾ ಹೆದ್ದಾರಿಯಲ್ಲಿ ಸುವೈಕ್ ಕಡೆಗೆ ಒಬ್ಬನೇ ಗಾಡಿ ಓಡಿಸುವಾಗ ಮಾತ್ರ ಆ ಸದ್ದು ಇರುತ್ತಿರಲಿಲ್ಲ. ಅದರ ಜಾಗದಲ್ಲಿ ಬೇರೆ ಒಂದು ಯೋಚನೆ ಬಂದು ಪಕ್ಕದ ಸೀಟಿನಲ್ಲಿ ಕೂರುತ್ತಿತ್ತು: ಸ್ಟೇರಿಂಗ್ ಬಿಟ್ಟುಬಿಟ್ಟರೆ? ಅದು ಜೋರು ಮಾಡುತ್ತಿರಲಿಲ್ಲ, ಅವಸರ ಮಾಡುತ್ತಿರಲಿಲ್ಲ. ನನ್ನ ಹೆಸರನ್ನು ಮಾತ್ರ ಸರಿಯಾಗಿ ಹೇಳುತ್ತಿತ್ತು.

ಆಗ ನಾನು ಅಲ್ ಮಬೇಲಾದಲ್ಲಿ ಅಕ್ಕ ಭಾವನ ಜೊತೆ ಇದ್ದೆ. ಭಾವ ಕಾರ್ಗೋ ಕಂಪೆನಿಯ ಗುಮಾಸ್ತ, ಊರಿನವರಿಗೆಲ್ಲ ಬೇಕಾದ ಮನುಷ್ಯ. ನಾನು ಅನ್ನ ಬಿಟ್ಟು ಏಳುವುದನ್ನು ನೋಡಿ ಅವರೇ ರೋಗ ಕಂಡುಹಿಡಿದರು. ಗ್ಯಾಸ್. ಅಕ್ಕ ಜೀರಿಗೆ ಕಷಾಯ ಮಾಡಿದಳು.

“ಮುಖ ನೋಡಿ ಅವನದ್ದು, ಕರಿ ಹಿಡಿದ ಬಾಣಲೆಯ ಹಾಗೆ ಆಗಿದೆ,” ಎಂದಳು ಅಕ್ಕ.

“ಅದು ಹುಟ್ಟಿದಾಗಲೇ ಹಾಗೆ ಅಲ್ವಾ ಮಾರಾಯ್ತಿ! ಒಮಾನಿನ ಬಿಸಿಲಿಗೆ ಇವನನ್ನು ಇನ್ನೂ ಕಪ್ಪು ಮಾಡ್ಲಿಕ್ಕೆ ಜಾಗವೇ ಸಿಗ್ಲಿಲ್ಲ.”

ಎಲ್ಲರೂ ನಕ್ಕೆವು. ನಾನೂ ನಕ್ಕೆ ಎಂದೇ ನೆನಪು. ನಮ್ಮ ಮನೆ ಮಾತು ತುಳು. ಕನ್ನಡಕ್ಕೆ ತರುವಾಗಲೇ ಈ ನಗು ಸ್ವಲ್ಪ ಕೆಟ್ಟದಾಗಿ ಕೇಳಿಸುತ್ತಿದೆಯೋ, ಆವತ್ತೇ ಹಾಗೆ ಕೇಳಿಸಿತ್ತೋ.

ಇಸಿಜಿ ಸರಿಯಿತ್ತು. ಹೊಟ್ಟೆಯೊಳಗೆ ನಳಿಕೆ ಇಳಿಸಿ ನೋಡಿದರು, ಅದೂ ಸರಿಯಿತ್ತು. ಹಮ್ರಿಯಾದ ಚಿಕ್ಕ ಕ್ಲಿನಿಕ್ಕಿನ ಡಾಕ್ಟರು, ಮೇಲಿನ ಮಹಡಿಯಲ್ಲಿ ಕೌನ್ಸೆಲರ್ ಇದ್ದಾರೆ, ಒಮ್ಮೆ ಮಾತಾಡಿ ಬನ್ನಿ ಎಂದರು. ಭಾವನ ಮುಖ ಬಿಗಿದುಕೊಂಡಿತು. ಮೆಟ್ಟಿಲ ಬಳಿ ನನ್ನನ್ನು ಹಿಡಿದು ನಿಲ್ಲಿಸಿದರು.

“ನೋಡು, ತಲೆ ಸರಿ ಇಲ್ಲ ಅಂತ ಒಂದು ಕಾಗದ ಹುಟ್ಟಿದ್ರೆ ಕಂಪೆನಿಗೆ ಹೋಗ್ತದೆ, ವೀಸಾ ಕೊಟ್ಟ ಕಫೀಲನಿಗೆ ಹೋಗ್ತದೆ. ವೀಸಾ ಖಲಾಸ್. ನೀನು ಬಾಯಿ ಬಿಡ್ಬೇಡ. ನಾನು ಮಾತಾಡ್ತೇನೆ.”

ನಮ್ಮಲ್ಲಿ ಅದು ವಾಡಿಕೆ. ರೋಗಿ ಕೂರುತ್ತಾನೆ, ಮನೆಯ ಹಿರಿಯರು ಹೇಳುತ್ತಾರೆ. ಅಪ್ಪನ ಸಕ್ಕರೆ ಕಾಯಿಲೆಯನ್ನು ಅಮ್ಮ ಹೇಳುತ್ತಿದ್ದಳು, ಅಮ್ಮನ ಗಂಟು ನೋವನ್ನು ಅಕ್ಕ. ಬೇರೆಯವರ ಬಾಯಲ್ಲಿ ಬಂದರೇ ನೋವಿಗೆ ಮರ್ಯಾದೆ ಎನ್ನುವ ಹಾಗೆ. ಮರುದಿನ ಬೆಳಿಗ್ಗೆ ಸುವೈಕಿಗೆ ಹೋಗಬೇಕಿತ್ತು. ಹೆದ್ದಾರಿಯ ವಿಷಯ ಭಾವನಿಗೆ ಗೊತ್ತಿರಲಿಲ್ಲ. ಈ ಕೋಣೆಯಲ್ಲಿ ಅದು ಬಾಯಿಗೆ ಬರದಿದ್ದರೆ ಇನ್ನೆಲ್ಲಿಯೂ ಬರುವುದಿಲ್ಲ ಎಂದು ಮೆಟ್ಟಿಲು ಹತ್ತುವಾಗ ನನಗೆ ಅನ್ನಿಸುತ್ತಿತ್ತು.

ಕೌನ್ಸೆಲರ್ ಒಮಾನಿನ ಹೆಂಗಸು, ಐವತ್ತರ ಆಸುಪಾಸು. ತಲೆಗೆ ಹಸಿರು ಬಟ್ಟೆ. ಬಣ್ಣ ನನ್ನದಕ್ಕಿಂತ ಗಾಢ. ಇಂಗ್ಲಿಷಿನಲ್ಲಿ ಕೇಳಿದರು, ಏನಾಗುತ್ತಿದೆ ಎಂದು. ನನ್ನನ್ನೇ ನೋಡಿ ಕೇಳಿದರು.

“ಗ್ಯಾಸ್, ಮೇಡಂ,” ಎಂದರು ಭಾವ. “ನಿದ್ದೆ ಕಡಿಮೆ. ಊರಿನ ನೆನಪು. ಮದುವೆ ಆಗಿಲ್ಲ, ಹೆಣ್ಣು ನೋಡ್ತಾ ಇದ್ದೇವೆ, ಆಮೇಲೆ ಸರಿಹೋಗ್ತದೆ.”

“ಕೆಲಸ ಹೇಗಿದೆ?” ಮತ್ತೆ ನನ್ನನ್ನೇ.

“ಫಸ್ಟ್ ಕ್ಲಾಸ್. ಒಳ್ಳೆ ಕಂಪೆನಿ. ಮ್ಯಾನೇಜರ್ ಯುರೋಪಿನವರು, ಬಹಳ ಶಿಸ್ತು.”

ಆಕೆ ಪೆನ್ನು ಕೆಳಗಿಟ್ಟರು. “ಹೊಟ್ಟೆ ನಿಮ್ಮದಾ ಅವರದ್ದಾ, ಬಾಬಾ?” ಎಂದು ಭಾವನನ್ನು ಕೇಳಿದರು. “ಹೊರಗೆ ಚಹಾ ಇದೆ. ಚೆನ್ನಾಗಿರುತ್ತದೆ. ಯಲ್ಲಾ, ಹೊರಡಿ.”

ಭಾವ ಎದ್ದರು. ಬಾಗಿಲಲ್ಲಿ ನಿಂತು ನನಗೆ ಕಣ್ಣಿನಲ್ಲೇ ಎಚ್ಚರಿಕೆ ಕೊಟ್ಟರು.

ಕೋಣೆಯಲ್ಲಿ ಏಸಿ ಗುಂಯ್ ಎನ್ನುತ್ತಿತ್ತು. ಕ್ಲೈಂಟಿಗೆ ಒಂದು ಮುಖ ಬೇಕು ಎಂದ ಮ್ಯಾನೇಜರನ ಮಾತನ್ನೂ ಪರಿಮಳದ ಡಬ್ಬಿಯ ಕತೆಯನ್ನೂ ಹೇಳಿದೆ. ಹೇಳುತ್ತಿದ್ದ ಹಾಗೆ ಅದು ನನಗೇ ಚಿಲ್ಲರೆಯಾಗಿ ಕೇಳಿಸತೊಡಗಿತು. “ಅದು ಗೋಡೆಯ ಯಂತ್ರವೇ ಇರಬಹುದು,” ಎಂದು ನಾನೇ ಮುಗಿಸಿದೆ.

“ಇರಬಹುದು,” ಎಂದರು ಆಕೆ. ಸಮಾಧಾನ ಹೇಳಲಿಲ್ಲ. “ನನ್ನ ಅಜ್ಜಿ ಆಫ್ರಿಕಾದ ಜಂಜಿಬಾರಿನಿಂದ ಬಂದವಳು. ನನ್ನ ಬಣ್ಣದ ಬಗ್ಗೆ ನನ್ನ ಎದುರು ಯಾರೂ ಏನೂ ಹೇಳಿಲ್ಲ. ಆದರೂ ನನಗೆ ಗೊತ್ತು. ಡಬ್ಬಿ ಯಾರು ಒತ್ತಿದರು ಅನ್ನುವುದನ್ನು ಇಲ್ಲಿ ನಾವು ಸಾಬೀತು ಮಾಡಬೇಕಾಗಿಲ್ಲ. ನಿಮ್ಮ ಮುಖ ಬೇಡ ಎಂದದ್ದಂತೂ ಯಂತ್ರವಲ್ಲ.”

ಆಮೇಲೆ ಕೇಳಿದರು: “ಬದುಕಿರುವುದು ಬೇಡ ಅನ್ನಿಸುತ್ತದೆಯಾ?”

ಅಷ್ಟು ನೇರವಾಗಿ. ಟೀಗೆ ಸಕ್ಕರೆ ಬೇಕಾ ಎನ್ನುವಷ್ಟು ನೇರವಾಗಿ. ಉತ್ತರಕ್ಕೆ ನಾನು ಬಾಗಿಲ ಕಡೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ.

“ಸುವೈಕ್ ದಾರಿಯಲ್ಲಿ,” ಎಂದೆ.

ಆಕೆ ಗಾಬರಿಯಾಗಲಿಲ್ಲ. ಯಾವಾಗಿನಿಂದ, ಎಷ್ಟು ಸಲ, ಕೈ ಯಾವತ್ತಾದರೂ ಸಡಿಲವಾಗಿದೆಯಾ ಎಂದೆಲ್ಲ ಕೇಳಿದರು. ಒಮ್ಮೆ ಸಡಿಲವಾಗಿತ್ತು. ಹೇಳಿದೆ. ಸದ್ಯಕ್ಕೆ ಒಬ್ಬನೇ ಗಾಡಿ ಓಡಿಸಬಾರದು, ನಾಳೆಯೇ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕಾಣಬೇಕು ಎಂದರು. ಕಂಪೆನಿಗೆ ತಾವು ಏನನ್ನೂ ಕಳಿಸುವುದಿಲ್ಲ ಎಂದರು. ಮನೆಯವರಿಗೆ ಹೇಳಬಹುದಾ ಎಂದು ಕೇಳಿದರು. ಹೂಂ ಎಂದು ತಲೆಯಾಡಿಸಿದೆ. ಭಾವ ಒಳಗೆ ಬಂದಾಗ ಆಕೆ ಹೇಳಲಿಲ್ಲ, ನನ್ನ ಕಡೆ ಕೈ ತೋರಿಸಿದರು. ನಾನೇ ಹೇಳಿದೆ, ತುಳುವಿನಲ್ಲಿ. ಭಾವನ ಕೈಯಲ್ಲಿ ಕಾಗದದ ಲೋಟ ಮಡಚಿಹೋಯಿತು, ಉಳಿದಿದ್ದ ಚಹಾ ಬೆರಳುಗಳ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

ಮರುದಿನದ ಸೈಟಿಗೆ ರಜೆ ಕೇಳಿ ಮೆಸೇಜ್ ಹಾಕಿದೆ. ಡ್ರಾಯಿಂಗು ಸೈಟಿನಲ್ಲಿ ಬೇಕೇಬೇಕು, ಬೆಳಿಗ್ಗೆ ತಂದುಕೊಟ್ಟು ಹೋಗು ಎಂದು ಮ್ಯಾನೇಜರ್ ಉತ್ತರಿಸಿದ. ಮೆಸೇಜಿನಲ್ಲಿದ್ದದ್ದು ಆ ತಮಿಳರ ಹೆಸರು.

ಭಾವ ತಮ್ಮ ಆಫೀಸಿಗೆ ರಜೆ ಹೇಳಿದರು. ಡ್ರಾಯಿಂಗು ಕೊಟ್ಟು ನೇರ ಆಸ್ಪತ್ರೆಗೆ ಹೋಗುವುದೆಂದು ಮಾತಾಯಿತು. ಗಾಡಿ ಅವರೇ ಓಡಿಸಿದರು. ಹೆದ್ದಾರಿಗೆ ಬಂದ ಮೇಲೆ ರೇಡಿಯೋ ಆರಿಸಿದರು. ಎಡಕ್ಕೆ ಒಣ ಬೆಟ್ಟಗಳು, ಮುಂದೆ ಟ್ರಕ್ಕುಗಳ ಸಾಲು.

“ಈಗ ಆ ಯೋಚನೆ ಬರ್ತಾ ಉಂಟಾ?” ಎಂದರು, ರಸ್ತೆ ನೋಡುತ್ತಲೇ.

ಇಲ್ಲ ಎಂದು ಅವರೇ ಹೇಳಿಬಿಡುತ್ತಾರೇನೋ ಎಂದು ಕಾದೆ. ಹೇಳಲಿಲ್ಲ.

“ಉಂಟು,” ಎಂದೆ.

ಭಾವ ವೇಗ ಇಳಿಸಿದರು. ಬಲಗೈಯನ್ನು ಸ್ಟೇರಿಂಗಿನಿಂದ ತೆಗೆದು ನನ್ನ ಮಣಿಕಟ್ಟು ಹಿಡಿದರು, ನೋಯುವಷ್ಟು ಬಿಗಿಯಾಗಿ. ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆಯುತ್ತಲೇ ಇದ್ದ.