ಬ್ಯಾರನ್ ಗಾಜಿನೊಳಗಿನ ಅಜ್ಜಿ

ಕರೆಂಟು ಬಂದಿದ್ದರೂ ಅದನ್ನು ನಂಬಿ ಯಾರೂ ಕೆಲಸ ಇಟ್ಟುಕೊಳ್ಳದ ಕಾಲ ಅದು. ಆಷಾಢ ಬಂತೆಂದರೆ ಕಟ್ಟೆಮಳಲವಾಡಿಯ ನಮ್ಮ ಮನೆಯವರೆಲ್ಲ ಹೊಗೆಸೊಪ್ಪನ್ನು ಒಲೆಯ ಕಾವಿನಲ್ಲಿ ಬೇಯಿಸುವ ಕೋಣೆ, ಬ್ಯಾರನ್ನಿನ ಮುಂದೆಯೇ ಇರುತ್ತಿದ್ದೆವು. ಬೇಯುವ ಸೊಪ್ಪಿನ ಘಾಟು ಬಟ್ಟೆಗೆಲ್ಲ ಹತ್ತುತ್ತಿತ್ತು. ಒಲೆಯ ಕೆಂಡದಲ್ಲಿ ಜೋಳದ ತೆನೆ ಸುಟ್ಟು ತಿನ್ನುವುದೇ ಮಕ್ಕಳಿಗೆ ಹಬ್ಬ.

ಬ್ಯಾರನ್ನಿನ ಗೋಡೆಯಲ್ಲಿ ಸ್ಲೇಟಿನಷ್ಟು ಅಗಲದ ಗಾಜೊಂದಿತ್ತು. ಅದರ ಮೂಲಕ ಟಾರ್ಚ್ ಬಿಟ್ಟು ಒಳಗೆ ನೇತುಹಾಕಿದ ಥರ್ಮಾಮೀಟರ್ ನೋಡಬೇಕು. ಅಜ್ಜಿ ತೀರಿಕೊಂಡ ವರ್ಷ ಆ ಕೆಲಸವನ್ನು ತಾತ ಯಾರಿಗೂ ಬಿಟ್ಟುಕೊಡಲಿಲ್ಲ. ಮುಸ್ಸಂಜೆಯಾದರೆ ಟಾರ್ಚನ್ನೂ ಹಾಕದೆ ಗಾಜನ್ನೇ ನೋಡುತ್ತ ಕೂತಿರುತ್ತಿದ್ದ.

“ಕತ್ಲೇಲಿ ಏನ್ ಕಾಣ್ತದೆ ತಾತ?”

“ನಿಮ್ಮಜ್ಜಿ ಕಣ್ಮಗ. ಸುಮ್ಕೆ ನೋಡ್ತಾ ಕುಂತ್ರೆ ಬತ್ತಾಳೆ. ಮಾತಾಡಕಿಲ್ಲ, ನೋಡ್ತಾಳೆ ಅಷ್ಟೇಯ.”

ಅಜ್ಜಿಯದೊಂದು ಫೋಟೋ ಕೂಡ ನಮ್ಮ ಮನೆಯಲ್ಲಿರಲಿಲ್ಲ. ನನಗೆ ಹೆದರಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ನನ್ನನ್ನು ಎತ್ತಿ ಆಡಿಸಿದವಳು ನನಗ್ಯಾಕೆ ಕಾಣಬಾರದು? ಮರುದಿನ ತಾತ ಕಾಫಿಗೆ ಎದ್ದುಹೋದಾಗ ಅವನ ಜಾಗದಲ್ಲಿ ಕೂತೆ. ಒಲೆಯ ಬೆಳಕಿಗೆ ಮೊದಲು ಕಂಡದ್ದು ನನ್ನದೇ ಮುಖ. ರೆಪ್ಪೆ ಬಡಿಯದೆ ನೋಡಿದೆ. ಮೆಲ್ಲಗೆ ಮೂಗು ಕರಗಿತು, ಕೆನ್ನೆ ಒಳಹೋಯಿತು, ಕಣ್ಣು ಗುಳಿಬಿತ್ತು. ಅಜ್ಜಿ! ಅದೇ ಹಲ್ಲಿಲ್ಲದ ಬಾಯಿ, ಅದೇ ಸೊಟ್ಟ ಬೈತಲೆ. ಕಣ್ಣು ಮಿಟುಕಿಸಿದೆ, ಮತ್ತೆ ನಾನೇ.

ನಾನೋ ಅಷ್ಟಕ್ಕೆ ಸುಮ್ಮನಾಗುವ ಹುಡುಗಿಯಲ್ಲ. ಮನೆಯೊಳಗೆ ಬಾಗಿಲು ಮುಂದೆ ಮಾಡಿಕೊಂಡು ಗೋಡೆಯ ಕನ್ನಡಿ ನೋಡಿದೆ. ಅಲ್ಲೂ ಬಂದಳು. ಬಾಗಿಲು ತೆರೆದರೆ ಬರಲಿಲ್ಲ, ಟಾರ್ಚ್ ಹಾಕಿದರೂ ಬರಲಿಲ್ಲ. ಅಜ್ಜಿ ಗಾಜಿನಲ್ಲಿಲ್ಲ, ಇದೆಲ್ಲ ಮಬ್ಬು ಬೆಳಕೂ ನಮ್ಮ ಕಣ್ಣೂ ಸೇರಿ ಆಡುವ ಆಟ ಎಂದು ಗೊತ್ತಾಯಿತು. ಕಂಡುಹಿಡಿದ ಜಂಬದಲ್ಲಿ ತಾತನಿಗೆ ಹೇಳಲು ಓಡಿದೆ.

ಅಷ್ಟರಲ್ಲಿ ಅಪ್ಪ, ರಾತ್ರಿ ಸೌದೆ ಹಾಕಲು ಅನುಕೂಲವೆಂದು, ಗಾಜಿನ ಪಕ್ಕದಲ್ಲೇ ಬಲ್ಬು ಹಾಕಿಸಿ ಹೊತ್ತಿಸಿದ್ದ. ತಾತನ ಮುಂದೆ ಮುದ್ದೆ ಆರಿಹೋಗಿತ್ತು.

“ಬರ್ನಿಲ್ಲ ಕಣ್ಮಗ. ಎಲ್ಗೋದ್ಲೋ ಏನೋ,” ಎಂದ.

ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹೋಗಿ ಸ್ವಿಚ್ ಆರಿಸಿದೆ.

“ಯಾಕ್ಲಾ ಲೈಟ್ ಆರೋಯ್ತು?” ಅಪ್ಪ ಆಳಿಗೆ ಕೂಗಿ ಕೇಳಿದ.

“ಕರೆಂಟ್ ಓಯ್ತು ಕಣಪ್ಪ!” ಎಂದೆ ನಾನು.

ಹಿಂದೆ ಮನೆಯ ದೀಪ ಉರಿಯುತ್ತಲೇ ಇತ್ತು. ಅಪ್ಪ ಅದನ್ನೂ ನೋಡಿದ, ಎದ್ದು ಗಾಜಿನ ಮುಂದೆ ಕೂತ ತಾತನನ್ನೂ ನೋಡಿದ, ಒಲೆಗೆ ಇನ್ನೊಂದು ಸೌದೆ ತಳ್ಳಿದ. ಸ್ವಲ್ಪ ಹೊತ್ತಿಗೆ ತಾತ “ಬಂದ್ಲು” ಅಂದ. ನನಗೆ ಅಳು ಬಂತು. ಆಮೇಲೆ ಸೊಪ್ಪು ಮುಗಿಯುವವರೆಗೂ ಮುಸ್ಸಂಜೆಯಲ್ಲಿ ಆ ಬಲ್ಬನ್ನು ಯಾರೂ ಹಾಕಲಿಲ್ಲ.

ಮಬ್ಬಿನಲ್ಲಿ ಒಂದೇ ಸಮನೆ ಕನ್ನಡಿ ನೋಡಿದರೆ ಕಣ್ಣು ಸೋಲುತ್ತದೆ, ಖಾಲಿ ಬಿದ್ದ ಜಾಗವನ್ನು ಮನಸ್ಸು ತನಗೆ ಗೊತ್ತಿದ್ದುದರಿಂದ ತುಂಬಿಕೊಳ್ಳುತ್ತದೆ ಎಂದು ದೊಡ್ಡವಳಾದ ಮೇಲೆ ಓದಿದೆ. ಈಗ ತಾತನೂ ಇಲ್ಲ. ಹುಣಸೂರಿನ ನನ್ನ ಮನೆಯಲ್ಲಿ ಕತ್ತಲಾಗುವ ಮೊದಲೇ ಎಲ್ಲ ದೀಪಗಳೂ ಹತ್ತಿಕೊಳ್ಳುತ್ತವೆ. ಮೊನ್ನೆ ಎಲ್ಲವನ್ನೂ ಆರಿಸಿ ಕನ್ನಡಿಯ ಮುಂದೆ ಕೂತೆ. ತುಂಬ ಹೊತ್ತಾದ ಮೇಲೆ ಯಾರೋ ಮುದುಕಿ ಬಂದಳು. ಅಜ್ಜಿಯೇ ಇದ್ದರೂ ಇರಬಹುದು. ಅವಳ ಮುಖ ನನಗೀಗ ನೆನಪಿಲ್ಲ.