ಎಡಕ್ಕ ಎಳೆಯೋ ಗಾಡಿ

ನಮ್ಮ ಹಿತ್ತಲದಾಗ ಒಂದು ಹಳೇ ಟೈರು ಬಿದ್ದೈತಿ. ಕೋಳಿ ಅದರ ಮ್ಯಾಲ ಕುಂದ್ರತಾವ. ಹೋದ ವಾರ ಆಶಾ ಕಾರ್ಯಕರ್ತೆ ಬಂದಾಕಿ ಅದರಾಗ ನಿಂತ ನೀರು ನೋಡಿ, "ಅಜ್ಜೀ, ಇದನ್ನ ಮೊದಲು ಹೊರಗ ಒಗೀರಿ, ಸೊಳ್ಳಿ ಆಗತಾವ" ಅಂದಳು. ನಮ್ಮ ಸೊಸಿಗೂ ಅದೇ ಬೇಕಾಗಿತ್ತು. ನೀರು ಚೆಲ್ಲಾಕಂತ ನಾನು ಟೈರು ಎತ್ತಿ ನಿಲ್ಲಿಸಿದೆ. ಬಿಸಿಲಿಗೆ ಕಾದ ರಬ್ಬರಿನ ವಾಸನಿ ಮೂಗಿಗೆ ಬಡೀತು. ಕೈಯಾಡಿಸಿದರ ಒಂದು ಮಗ್ಗಲು ಸವೆದು ಬಳಿಯಂಗ ನುಣ್ಣಗ, ಇನ್ನೊಂದು ಮಗ್ಗಲು ಅಂಗಡಿಯಿಂದ ತಂದಾಗ ಹೆಂಗಿತ್ತೋ ಹಂಗೇ ಗೀರು ಗೀರು. ಆಗ ಡ್ರೈವರಪ್ಪ ನೆನಪಾದ...

ಅವ ಇಲ್ಲೇ ಕುರುಗೋಡಿನಾಗ ನಮ್ಮ ಎದುರು ಮನಿಯಾವ. ಒಂದು ಬಿಳೇ ಪಿಕಪ್ ಗಾಡಿ ಇಟ್ಟಿದ್ದ. ನಾನು ಆಗ ಆಳು ಕರಕೊಂಡು ಹೋಗೋ ಮೇಸ್ತ್ರಿ. ಓಣಿ ಹೆಣ್ಣಮಕ್ಕಳನ್ನ ಕೂಡಿಸಿಕೊಂಡು ಸಿರುಗುಪ್ಪ ಕಡಿ ಭತ್ತ ನಾಟಿಗೆ, ಮೆಣಸಿನಕಾಯಿ ಬಿಡಿಸಾಕ ಹೋಗತಿದ್ದೆ. ಅವರೆಲ್ಲ ಹಿಂದ, ತಾಡಪತ್ರಿ ಕೆಳಗ. ನಾನು ಮುಂದ, ಅವನ ಬಾಜು. ಸಾಮಾನು ಹಾಕೋ ಗಾಡಿಯಾಗ ಮನುಷ್ಯಾರನ್ನ ಹಾಕಬಾರದು ಅಂತ ಕಾನೂನು ಐತಿ, ಅದು ನಮಗೂ ಗೊತ್ತಿತ್ತು. ಬಸ್ಸು ಹೊಲದ ತನಕ ಬರೂದಿಲ್ಲ, ಅದೂ ಗೊತ್ತಿತ್ತು.

ಅವ ದೇವರಂಥಾ ಮನುಷ್ಯ ಅಂತ ಬರಿಯಾಕ ಕುಂತಿಲ್ಲ ನಾನು. ಬಾಯಿ ಹೊಲಸು. ಬೀಡಿ ಸೇದಿ ಹೊಗಿ ನನ್ನ ಕಡೀಗೇ ಬಿಡತಿದ್ದ. ಹೆಂಡ್ತಿ ಕೂಡ ಜಗಳ ತಪ್ಪಿದ ದಿನ ಇಲ್ಲ. ಸಂಜಿಕ ಒಂದೀಟು ಕುಡೀತಿದ್ದ, ಯಾರು ಕುಡಿಯಂಗಿಲ್ಲ. ಆದರ ಮುಂಜಾನಿ ಸ್ಟೇರಿಂಗ್ ಹಿಡದನಂದರ ಬಾಯಾಗ ಬರೇ ಚಾದ ವಾಸನಿ. ಬಾಜು ಕುಂದ್ರಾಕಿ ನಾನು, ನನಗ ಗೊತ್ತಾಗದ ಇರತೈತೇನು.

ದೇಶನೂರು ಹತ್ರ ನಾವು ಹೋಗೋ ಹೊಲಕ್ಕ ಕಾಲುವಿ ದಂಡಿ ಹಿಡದು ಹೋಗಬೇಕು. ಹೋಗುವಾಗ ಕಾಲುವಿ ಎಡಕ್ಕ. ನಾನು ಕುಂದ್ರೂದೂ ಎಡಕ್ಕ. ಕಿಟಕಿಯಾಗಿಂದ ಬಗ್ಗಿದರ ಕೆಳಗ ನೀರು, ದಂಡಿ ತುಂಬ, ಸಪ್ಪಳಿಲ್ಲದಂಗ ಹೋಗತಿತ್ತು. ಸಪ್ಪಳ ಮಾಡೋ ನೀರಿಗೆ ನಾನು ಅಂಜೂದಿಲ್ಲ.

ಗಾಡಿ ಎಡಕ್ಕ ಎಳಿಯಾಕ ಹತ್ತಿದ್ದು ಮೆಣಸಿನಕಾಯಿ ಸುಗ್ಗಿಯಾಗ. ಅವ ಹೇಳಲಿಲ್ಲ, ಅವನ ಕೈ ನೋಡಿ ನಾನೇ ತಿಳಕೊಂಡೆ. ನೆಟ್ಟಗಿನ ರಸ್ತಾದಾಗೂ ಸ್ಟೇರಿಂಗ್ ಬಲಕ್ಕ ತಿರುವಿ ಹಿಡದಿದ್ದ. ಮುಂಗೈ ನರ ಎದ್ದು ನಿಂತಿದ್ದವು.

"ಏನಾಗೇತಿ ಇದಕ್ಕ?" ಅಂದೆ.

"ಮೈಗಳ್ಳ ಎತ್ತಿನಂಗ ಒಂದೇ ಕಡಿ ಎಳಿಯಾಕತ್ತೇತಿ ಯಕ್ಕಾ. ಅಲೈನ್‌ಮೆಂಟ್ ಹೋಗಿರಬೇಕು" ಅಂದ.

ಅಲೈನ್‌ಮೆಂಟ್ ಅಂದರೇನಂತ ನನಗೇನು ಗೊತ್ತು. ಮುಂದಿನ ಗಾಲಿ ಎರಡೂ ನೆಟ್ಟಗ ನಿಂದ್ರಬೇಕು, ಕೂದಲೆಳಿಯಷ್ಟು ಓರೆಯಾದರೂ ಗಾಡಿ ಒಂದು ಕಡಿ ಸರೀತೈತಿ, ಟೈರು ಒಂದೇ ಮಗ್ಗಲು ಸವೀತಾವ, ಅಂತ ಅವನೇ ಹೇಳಿದ. ನಾನು ಬಂಡಿ ಇದ್ದ ಮನಿಯಾಗ ಹುಟ್ಟಿದಾಕಿ. ಅಷ್ಟು ತಿಳೀತು.

ಬಳ್ಳಾರಿಗೆ ಹೋಗಿ ಮಿಷನ್ನಿಗೆ ಹಾಕಿಸಿಕೊಂಡು ಬಂದ. ಬರುವಾಗ ಕೈ ಬಿಟ್ಟರೂ ಗಾಡಿ ಗೆರಿ ಹೊಡದಂಗ ಬಂತಂತ, ಬಾಳ ಖುಷಿಯಾಗಿದ್ದ. ಮರುದಿನ ನಮ್ಮನ್ನ ಹತ್ತಿಸಿಕೊಂಡು ಹೊಂಟ. ಮತ್ತ ಎಡಕ್ಕ. ಇನ್ನೊಂದು ಅಂಗಡಿಗೆ ಒಯ್ದ. ಅವರು ಓಡಿಸಿ ನೋಡಿ, ಏನೂ ಆಗಿಲ್ಲ ತಗೊಂಡು ಹೋಗು ಅಂದರು. ಟೈರು ಹೊಸಾದು ಹಾಕಿಸಿದ. ಅದೂ ಒಂದೇ ಮಗ್ಗಲು ಸವಿಯಾಕ ಹತ್ತಿತು. ತೋರಿಸಾಕ ಒಯ್ದರ ಜಡ್ಡಿಲ್ಲ, ಊರಿಗೆ ಬಂದರ ಜಡ್ಡು. ಅವನಿಗೆ ಊಟ ಸೇರವಲ್ಲದಾತು. ನನಗೂ ಅಷ್ಟೇ. ಗಾಡಿ ಕಾಲುವಿ ದಂಡಿಗೆ ತಿರುಗಿತಂದರ ಬಾಗಲದ ಹಿಡಿಕಿ ಗಟ್ಟಿ ಹಿಡಕೊಂಡು ಕುಂದ್ರತಿದ್ದೆ. ಹಿಡಿಕಿ ಹಿಡದರ ಏನು ಬಂತು, ಅದೂ ಗಾಡಿ ಕೂಡೇ ಹೋಗೂದು.

ಒಂದು ಮುಂಜಾನಿ ಎದುರಿಗೆ ಟ್ರ್ಯಾಕ್ಟರ್ ಬಂತು. ದಾರಿ ಬಿಡಾಕ ಅವ ಸ್ವಲ್ಪ ಎಡಕ್ಕ ಸರಿಸಿದ. ಗಾಡಿ ಅಷ್ಟಕ್ಕ ನಿಲ್ಲಲಿಲ್ಲ, ತಾನೇ ಇನ್ನಷ್ಟು ಸರೀತು. ಮುಂದಿನ ಎಡಗಾಲಿ ದಂಡಿ ಬಿಟ್ಟು ಕೆಳಗಿಳೀತು. ನನ್ನ ಕಿಟಕಿಯಾಗ ಮಣ್ಣು ಕಾಣಲಿಲ್ಲ, ಬರೇ ನೀರು. ಹಿಂದ ಹೆಣ್ಣಮಕ್ಕಳು ಚೀರಿದರು.

"ಯಾರೂ ಅಲುಗಾಡಬ್ಯಾಡ್ರಿ. ಬಲಗಡಿಯಿಂದ ಒಬ್ಬೊಬ್ಬರು ಇಳೀರಿ, ನನ್ನವ್ವಗಳಿರಾ" ಅಂದ. ಅಷ್ಟು ಮೆತ್ತಗ ಅವ ಮಾತಾಡಿದ್ದು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಎಲ್ಲಾರೂ ಇಳದರು. ನಾನು ಅವನ ಬಾಗಲದಿಂದ ತೆವಳಿಕೊಂಡು ಇಳದೆ. ಟ್ರ್ಯಾಕ್ಟರಿನಾವ ಹಗ್ಗ ಕಟ್ಟಿ ಗಾಡಿ ಎಳದ. ಯಾರಿಗೂ ಏನೂ ಆಗಲಿಲ್ಲ. ಯಾರದೋ ಬುತ್ತಿ ಗಂಟು ನೀರಿಗೆ ಬಿದ್ದು, ಬಟ್ಟಿ ಉಬ್ಬಿಸಿಕೊಂಡು ತೇಲಿ ಹೋತು. ಅದು ಕಣ್ಣಿಗೆ ಕಾಣೋ ತನಕ ಎಲ್ಲಾರೂ ಅದನ್ನೇ ನೋಡಿದಿವಿ.

ಮೂಲಿಮನಿಯಾಕಿ ಅಂತ ಒಬ್ಬಾಕಿ ನಮ್ಮ ಗುಂಪಿನಾಗ ಇದ್ದಳು, ನಾಲಿಗಿ ಅಂದರ ಕುಡುಗೋಲು. "ಗಾಡಿಗೆ ಏನಾಗೇತಿ, ಗಾಡಿ ಪಾಡ ಐತಿ. ಓಡಸಾವಗ ನಿನ್ನೀದು ಇನ್ನೂ ಇಳದಿಲ್ಲ" ಅಂದಳು. ಅವ ಕೇಳಿಸಿಕೊಂಡ. ತಿರುಗಿ ಬೈಯಲಿಲ್ಲ. ಅವ ಬೈಯಲಿಲ್ಲಂತ ನನಗ ಅಂಜಿಕಿ ಆತು.

ಮರುದಿನ ಯಾರೂ ಗಾಡಿ ಹತ್ತಲಿಲ್ಲ. ನಾನು ಒಂದು ಮಾತು ಜೋರು ಮಾಡಿದ್ದರ ಹತ್ತತಿದ್ದರು, ಕೂಲಿ ಯಾರಿಗೆ ಬ್ಯಾಡ. ಆದರ ಹತ್ತಿಸಿ, ನಾಳೆ ಒಬ್ಬಾಕಿ ನೀರಿಗೆ ಹೋದರ ಆಕಿ ಮಕ್ಕಳ ಮುಂದ ಹೆಂಗ ನಿಂದ್ರಲಿ? ಬ್ಯಾರೆಯಾವನ ಗಾಡಿ ಹಿಡೀಬೇಕಂದರ, ಕುಡುಕ ಅನ್ನೋ ಮಾತಿಗೆ ನಾನೇ ಶಿಕ್ಕಾ ಒತ್ತಿದಂಗ. ಆಮ್ಯಾಲ ಯಾವ ಓಣಿಯಾಕಿ ಅವನ ಗಾಡಿ ಹತ್ತತಾಳ? ಕಟ್ಟಿ ಮ್ಯಾಲ ಕುಂತು ಇದನ್ನೇ ಹಿಂದ ಮುಂದ ಮಾಡತಿದ್ದೆ. ಅವ ಎದುರು ಬಾಗಲದಿಂದ ಎದ್ದು ಬಂದ.

"ಯಕ್ಕಾ, ನೀವಿದ್ದಾಗ ಎಳೀತೈತಿ, ನೀವಿಲ್ಲದಾಗ ಎಳಿಯೂದಿಲ್ಲ. ಒಂದು ಸಲ ಎಲ್ಲಾರೂ ಬಳ್ಳಾರಿಗೆ ಬರ್ರಿ. ದಿನಾ ಹೆಂಗ ಕುಂದ್ರತೀರೋ ಹಂಗೇ ಕುಂತು ಬರ್ರಿ. ಅವರು ನಿಮ್ಮನ್ನ ಕೂಡಿಸಿಕೊಂಡೇ ನೋಡಲಿ."

ಬಳ್ಳಾರಿ ರಸ್ತಾಕ ಕಾಲುವಿ ಅಂಜಿಕಿ ಇಲ್ಲ ಅಂತ ಎಲ್ಲಾರನ್ನೂ ಒಪ್ಪಿಸಿದೆ. ಮೂಲಿಮನಿಯಾಕಿ ಎಲ್ಲಾರಕಿಂತ ಮೊದಲು ಹತ್ತಿದಳು, ಅವನ ಸುಳ್ಳು ಹೊರಗ ಹಾಕಬೇಕಂತ. ಉಂಡು ಹೊಂಟಿವಿ, ಹೊತ್ತು ಪಡುವಣಕ್ಕ ವಾಲಿತ್ತು. ಅವ ದಾರಿ ತುಂಬ ಸ್ಟೇರಿಂಗ್ ಬಲಕ್ಕ ಹಿಡಕೊಂಡೇ ಇದ್ದ. ಇದೂ ಆಗಲಿಲ್ಲಂದರ ಗಾಡಿ ಮಾರತಾನ ಅಂತ ನನಗ ಅನಿಸಿತು.

ಅಂಗಡಿಯಾವ ನಮ್ಮನ್ನ ನೋಡಿ ನಕ್ಕ. "ಏನಣ್ಣಾ, ಬೀಗರ ಊರಿಗೆ ಹೊಂಟು ದಾರಿ ತಪ್ಪೀರೇನು? ಇಳೀರವ್ವಾ, ಖಾಲಿ ಗಾಡಿಗೇ ಮಿಷನ್ನು ಹಾಕೂದು" ಅಂದ.

"ಇಳಿಯಂಗಿಲ್ಲ" ಅಂದ ನಮ್ಮ ಡ್ರೈವರಪ್ಪ.

"ಇಳಿಯಂಗಿಲ್ಲಪ್ಪಾ. ಬಂದೀವಿ, ಕೈ ಹಾಕಿದ್ದಕ್ಕ ನಮ್ಮನ್ನೂ ನೆಟ್ಟಗ ಮಾಡು" ಅಂದಳು ಮೂಲಿಮನಿಯಾಕಿ. ಅಂಗಡಿ ಮಂದಿ ಎಲ್ಲಾ ನಕ್ಕರು. ನಮ್ಮವ ನಗಲಿಲ್ಲ. ಗಾಡಿ ಹಿಂದ ಹೋಗಿ ಕುಕ್ಕರಗಾಲಿಲೆ ಕುಂತು ನೋಡಿದ. ಆಮ್ಯಾಲ ನನ್ನ ಕರದು ಕೈ ಮಾಡಿ ತೋರಿಸಿದ.

ಗಾಡಿ ಎಡಮಗ್ಗಲು ತಗ್ಗಿ ಗಾಲಿ ಮ್ಯಾಲ ಕುಂತಿತ್ತು. ಹೆಣ್ಣಮಕ್ಕಳು ಒಬ್ಬಾಕಿ ತೊಡಿ ಮ್ಯಾಲ ಒಬ್ಬಾಕಿ, ಎಲ್ಲಾರೂ ಎಡಕ್ಕ ಒತ್ತಿ ಕುಂತಿದ್ದರು. ಬಲಗಡಿ ಇಬ್ಬರು ಮಲಗುವಷ್ಟು ಜಾಗ ಖಾಲಿ ಬಿದ್ದಿತ್ತು.

"ಎಲ್ಲಾರೂ ಅಲ್ಲೇ ಯಾಕ ಒಟ್ಟಿಕೊಂಡೀರಿ?" ಅಂದ.

"ಮತ್ತೇನು ಆ ಕಡಿ ಕುಂತು ಬಿಸಿಲಾಗ ಸಾಯೂಣೇನು?" ಅಂದಳು ಮೂಲಿಮನಿಯಾಕಿ.

ಸಿರುಗುಪ್ಪ ಕಡಿ ಮುಂಜಾನಿ ನಾವು ಬಡಗಣಕ್ಕ ಹೋಗೋರು, ಬಿಸಿಲು ಬಲಕ್ಕ. ಸಂಜಿಕ ತೆಂಕಣಕ್ಕ ತಿರುಗಿ ಬರೋರು, ಆಗಲೂ ಬಿಸಿಲು ಬಲಕ್ಕ. ತಾಡಪತ್ರಿ ನೆರಳು ಹೋಗುವಾಗ, ಬರುವಾಗ ಎಡಕ್ಕೇ ಬೀಳೂದು. ಬಸ್ಸಿನಾಗ ಬಿಸಿಲು ಬಡಿಯೋ ಕಡಿ ಬಿಟ್ಟು ಕುಂದ್ರೂದಿಲ್ಲೇನು, ಹಂಗ. ಯಾರೂ ಹೇಳಿಕೊಟ್ಟಿದ್ದಲ್ಲ. ಸುಗ್ಗಿ ತುಂಬ ಅಷ್ಟೂ ಮಂದಿ ಭಾರ ಒಂದೇ ಮಗ್ಗಲಿಗೆ ಬಿದ್ದು, ಕೆಳಗ ಭಾರ ಹೊರೋ ಕಮಾನ್ ಪಟ್ಟಿ ಸಡಲಾಗಿ, ಮಂದಿ ಹತ್ತಿದಾಗೆಲ್ಲಾ ಕುಂದ್ರತಿತ್ತು. ಖಾಲಿ ಗಾಡಿಯಾಗ ಅದು ಹೆಂಗ ಗೊತ್ತಾಗಬೇಕು. ಮುಂದ ಕುಂದ್ರೋ ನಾನು ಒಂದು ದಿನಾ ಹಿಂದ ಹೊಳ್ಳಿ ನೋಡಿರಲಿಲ್ಲ, ಅವನೂ ನೋಡಿರಲಿಲ್ಲ.

ಕಮಾನ್ ಪಟ್ಟಿ ಬದಲು ಮಾಡಿಸಿದ. ಹೆಣ್ಣಮಕ್ಕಳನ್ನ ಎರಡೂ ಕಡಿ ಸಮಾ ಕುಂದ್ರಿಸಿ, ಅವರನ್ನ ಹೊತ್ತುಕೊಂಡೇ ಗಾಲಿ ನೆಟ್ಟಗ ಮಾಡಿಸಿದ. ಊರಿಗೆ ಬಂದು ಬಲಗಡಿಗೆ ಹೆಂಡ್ತಿ ಹಳೇ ಸೀರಿ ಅಡ್ಡ ಕಟ್ಟಿದ, ಬಿಸಿಲು ಬಡೀಬಾರದಂತ. ಆ ಸೀರಿಗೂ ಅವರ ಮನಿಯಾಗ ಒಂದು ಜಗಳ ಆತು. ಮರುದಿನ ಕಾಲುವಿ ದಂಡಿಗೆ ತಿರುಗಿದಾಗ ನಾನು ಅವನ ಕೈ ನೋಡಿದೆ. ನರ ಎದ್ದಿರಲಿಲ್ಲ.

ಮೂಲಿಮನಿಯಾಕಿ ತಪ್ಪಾತು ಅನ್ನಲಿಲ್ಲ, ಅನ್ನೋ ಪೈಕಿನೂ ಅಲ್ಲ. ಎರಡು ಜ್ವಾಳದ ರೊಟ್ಟಿ, ಚಟ್ನಿಪುಡಿ ಬಟ್ಟಿಯಾಗ ಸುತ್ತಿ ಸ್ಟೇರಿಂಗ್ ಮುಂದ ಒಗದಳು. "ಉಳದಿದ್ವು, ತಿನ್ನು" ಅಂದಳು. "ವಿಷ ಹಾಕೀ ಏನು?" ಅಂದ. ಬಾಯಿ ಮತ್ತ ಮೊದಲಿನಂಗ ಆತಂತ ನನಗ ಸಮಾಧಾನ ಆತು.

ಆದರ ಅವನ ಅಂಜಿಕಿ ಪೂರಾ ಹೋಗಲಿಲ್ಲ. ಅಲ್ಲಿಂದ ಮುಂದ ದಿನಾ ಗಾಡಿ ಹೊರಡೋ ಮೊದಲು ಹಿಂದ ಹೋಗಿ ಕುಕ್ಕರಗಾಲಿಲೆ ಕುಂತು ನೋಡತಿದ್ದ. "ಏ ದಪ್ಪನಾಕಿ, ಈ ಕಡಿ ಸರಿ" ಅಂತಿದ್ದ, ಬೈಸಿಕೋತಿದ್ದ. ದೊಡ್ಡ ರಸ್ತಾದಾಗ ಒಮ್ಮೊಮ್ಮೆ ಸ್ಟೇರಿಂಗ್ ಮ್ಯಾಲಿಂದ ಎರಡೂ ಕೈ ಎತ್ತಿ, "ನೋಡಕ್ಕಾ, ತಾನೇ ಹೋಗತೈತಿ" ಅಂತಿದ್ದ. "ಹಿಡಿಯಲೇ" ಅಂತಿದ್ದೆ ನಾನು. ಕಾಲುವಿ ದಂಡಿಗೆ ಮಾತ್ರ ಯಾವತ್ತೂ ಕೈ ಎತ್ತಲಿಲ್ಲ...

ಒಂದು ಮಳಿಗಾಲ ಅವಗ ಜ್ವರ ಬಂತು. ಬಳ್ಳಾರಿ ದವಾಖಾನಿಗೆ ಒಯ್ದರು. ತಿರುಗಿ ಬರಲಿಲ್ಲ. ಹೆಂಡ್ತಿ ಗಾಡಿಯನ್ನ ಕುಡತಿನಿ ಊರಿನವರಿಗೆ ಮಾರಿದಳು. ಸವೆದ ಟೈರು ಬೀದಿಗೆ ಬಿದ್ದಿತ್ತು, ನಾನು ಉರುಳಿಸಿಕೊಂಡು ಬಂದೆ. ಯಾಕಂತ ಕೇಳಿದರ ಕೋಳಿ ಕುಂದ್ರಾಕ ಅಂದೆ.

ಈಗ ಮೊಣಕಾಲು ಹೋಗ್ಯಾವ, ನಾನು ಎಲ್ಲೂ ಹೋಗೂದಿಲ್ಲ, ಕಟ್ಟಿ ಮ್ಯಾಲ ಕುಂದ್ರತೀನಿ. ಟೈರಿನ ನೀರು ಚೆಲ್ಲಿದ ಮರುದಿನ ಮುಂಜಾನಿ ಒಂದು ಪಿಕಪ್ಪು ನಮ್ಮ ಮುಂದಿಂದ ಹೋತು. ಮ್ಯಾಲ ತಾಡಪತ್ರಿ, ಒಳಗ ಆ ಕಡಿ ಓಣಿ ಹೆಣ್ಣಮಕ್ಕಳು. ಮೆಣಸಿನಕಾಯಿಗೆ ಹೊಂಟಿದ್ದರು. ಎಲ್ಲಾರೂ ಎಡಕ್ಕ ಕುಂತಿದ್ದರು. ಹಿಂದಿನಿಂದ ನೋಡಿದರ ಗಾಡಿ ಎಡಮಗ್ಗಲು ತಗ್ಗಿತ್ತು. ಕೈ ಎತ್ತಿ ನಿಲ್ಲಿಸಂತ ಒದರಿದೆ. ಡ್ರೈವರ್ ತಾನೂ ಕೈ ಎತ್ತಿ, ನಕ್ಕು, ಹೋದ. ಮುದುಕಿ ಮಾತಾಡಸಾಕತ್ತಾಳ ಅಂದುಕೊಂಡನೋ ಏನೋ. ದಿನಾ ಹಂಗೇ ಹೋಗತಾನ.

ಟೈರು ಒಗಿಯಂಗಿಲ್ಲ ಅಂತ ಸೊಸಿಗೆ ಹೇಳೀನಿ. ನೀರು ನಿಲ್ಲದಂಗ ತೂತು ಹಾಕಿಸಿ ಮುಂಬಾಗಲಿಗೆ ತರಿಸೀನಿ. ಆ ಡ್ರೈವರ್ ಒಂದು ದಿನ ನಿಂತನಂದರ ಅವನ ಕೈ ಹಿಡದು ಇದರ ಮ್ಯಾಲ ಇಡಬೇಕು, ಮೊದಲು ಈ ಮಗ್ಗಲು, ಆಮ್ಯಾಲ ಆ ಮಗ್ಗಲು. ಗಾಡಿ ಹಿಂದ ಕುಂತು ನೋಡತಿದ್ದಾವ ಈಗ ಇಲ್ಲ. ಸಂಜಿಕ ಆ ಗಾಡಿ ತಿರುಗಿ ಬರೋ ತನಕ ನಾನು ಒಳಗ ಹೋಗೂದಿಲ್ಲ. ಸೊಸಿ ಉಣ್ಣಾಕ ಕರದರೂ ಹೋಗೂದಿಲ್ಲ.

ಇವತ್ತು ಇನ್ನೂ ಬಂದಿಲ್ಲ.