ಬಲಗೈಗೆ ಪ್ಲಾಸ್ಟರ್, ಎಡಗೈಗೆ ಇದ್ದಿಲು

"ಯಾವ ಕೈಲೆ ಉಣ್ತೀ ತಂಗಿ?" ಎಂದರು ಪ್ಲಾಸ್ಟರ್ ಹಾಕುತ್ತಿದ್ದ ಡಾಕ್ಟರ್.

"ಉಣ್ಣೋದು ಹ್ಯಾಂಗರೆ ಆಗ್ತದ್ರಿ. ಚಿತ್ರ ಬಿಡಸ್ತೀನ್ರಿ, ಇದೇ ಕೈಲೆ" ಎಂದವಳೇ ಅತ್ತುಬಿಟ್ಟೆ.

ತೊಂಬತ್ತರ ದಶಕದ ಕೊನೆ. ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ ಚಿತ್ರಕಲೆ ಕಲಿಯುತ್ತಿದ್ದೆ. ಕೊನೆಯ ವರ್ಷ. ಬಸ್ಸಿನಿಂದ ಇಳಿಯುವಾಗ ಕಾಲು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು.

ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ.

ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪ ಸಿಟ್ಟಾಗಲಿಲ್ಲ. ಮೆಲ್ಲಗೆ ಹೇಳಿದರು, ಅದೇ ಹೆಚ್ಚು ಹೆದರಿಸಿತು. "ಈ ವರ್ಷ ಪಾಸಾದ್ರ ಚಲೋ. ಇಲ್ಲಂದ್ರ ಸಾಕ್ ಮಾಡವ್ವ, ಮುಂದಿನ ವರ್ಷ ಕಳಸಾಂಗಿಲ್ಲ."

ನನ್ನ ಪೆನ್ಸಿಲ್ ಕೆಲಸಕ್ಕೆ ಕ್ಲಾಸಿನಲ್ಲೆಲ್ಲ ಹೆಸರಿತ್ತು. ಫೋಟೋ ಕೊಟ್ಟರೆ ಫೋಟೋದಂತೆಯೇ ಬಿಡಿಸುತ್ತಿದ್ದೆ. ಈಗ ಎಡಗೈಯಲ್ಲಿ ಒಂದು ಚೊಂಬಿನ ಅಂಚು ಎಳೆದರೆ ಎರೆಹುಳ ಹರಿದ ಹಾಗೆ!

ಹಾಳೆ ಹರಿಯುತ್ತಿದ್ದೆ, ಮತ್ತೆ ಎಳೆಯುತ್ತಿದ್ದೆ, ಮತ್ತೆ ಹರಿಯುತ್ತಿದ್ದೆ. ಪ್ಲಾಸ್ಟರಿನೊಳಗೆ ಕೈ ತುರಿಸುತ್ತಿತ್ತು, ಹೊರಗೆ ನಾನು ಚಡಪಡಿಸುತ್ತಿದ್ದೆ...

ಒಂದು ದಿನ ನಮಗೆ ಕಲಿಸುತ್ತಿದ್ದ ಸುಮಂಗಲಾ ಮೇಡಂ ನನ್ನ ಪೆನ್ಸಿಲ್ ಡಬ್ಬಿ ಎತ್ತಿ ಆಚೆ ಇಟ್ಟರು. "ಎಡಗೈಲೆ ಬಲಗೈದು ಕೆಲಸ ಯಾಕ ಮಾಡಸ್ತೀ? ಅದಕ್ಕ ಏನ್ ಬರ್ತದ, ಅದು ನೋಡು ಮೊದಲ."

ಸಿಟ್ಟಿನಿಂದಲೇ ನೋಡಲು ಶುರು ಮಾಡಿದೆ.

ಹಾಳೆಗೆ ಮೇಣದಬತ್ತಿ ಉಜ್ಜಿ ಮೇಲೆ ನೀಲಿ ಶಾಯಿ ಸವರಿದೆ. ಮೇಣ ಇದ್ದಲ್ಲಿ ಶಾಯಿ ಹತ್ತದೆ ಬಿಳಿ ಗೆರೆ ಉಳಿಯಿತು. ಬಣ್ಣದ ಪುಡಿ ಉದುರದಿರಲೆಂದು ಸಕ್ಕರೆ ನೀರಿನಲ್ಲಿ ನೆನೆಸಿದ ಚಾಕ್ ಹಿಡಿದೆ. ವಾಟರ್ ಕಲರ್ ಅಂತೂ ಹೇಳಿದ ಮಾತೇ ಕೇಳಲಿಲ್ಲ. ಹುಣಸೆ ಕಡ್ಡಿಯ ತುದಿ ಜಜ್ಜಿ ಶಾಯಿಯಲ್ಲಿ ಅದ್ದಿದರೆ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಮಾಯ.

ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ.

ಒಂದು ಸೋಮವಾರ ಅವ್ವನ ಜೊತೆ ನಾರಾಯಣಪುರದ ಶಿವನ ಗುಡಿಗೆ ಹೋದೆ. ಅವಳು ಪೂಜೆ ಮುಗಿಸುವವರೆಗೆ ಹೊರಗೆ ಕೂತು ಕಂಬಗಳನ್ನು ಬಿಡಿಸಲು ಹೋಗಿ ಸೋತೆ. ಬೇಸತ್ತು ಚೀಲದಲ್ಲಿದ್ದ ಇದ್ದಿಲಿನ ತುಂಡನ್ನು ತೆಗೆದು ಅಡ್ಡ ಮಲಗಿಸಿ, ಕಂಬಗಳ ನಡುವಿನ ಕತ್ತಲೆಯನ್ನಷ್ಟೇ ಹಾಳೆಯ ಮೇಲೆ ಗಸಗಸ ತುಂಬಿದೆ.

ನೋಡಿದರೆ ಕಂಬ ನಿಂತಿದೆ! ನಾನು ಮುಟ್ಟದೆ ಬಿಟ್ಟ ಬಿಳಿ ಜಾಗದಲ್ಲಿ.

ಇಷ್ಟು ವರ್ಷ ಕಂಬದ ಅಂಚನ್ನೇ ನೋಡಿದ್ದೆ. ಅದರ ಪಕ್ಕದ ಕತ್ತಲೆಗೂ ಒಂದು ಆಕಾರವಿದೆ ಎಂಬುದು ಕಣ್ಣಿಗೆ ಬಿದ್ದೇ ಇರಲಿಲ್ಲ.

ಅವ್ವ ಬಂದು ಬಗ್ಗಿ ನೋಡಿದಳು. "ಇದ್ರಾಗ ಗೆರೀನೇ ಇಲ್ಲಲ್ಲ?" ಎಂದಳು. ಹಾಳೆಯನ್ನು ದೂರ ಹಿಡಿದು ನೋಡಿ, "ಆದ್ರ ಗುಡಿ ಒಳಗ ಹೋದಾಗ ಹ್ಯಾಂಗ ತಂಪ ಆತು, ಹಂಗೇ ಅದ ನೋಡು."

ಪರೀಕ್ಷೆಗೆ ವಾರ ಇರುವಾಗ ಪ್ಲಾಸ್ಟರ್ ಬಿಚ್ಚಿದರು. ಬಲಗೈ ಸೊರಗಿತ್ತು, ಆದರೆ ಹಳೆಯ ಚಾಳಿ ಮರೆತಿರಲಿಲ್ಲ.

ಪರೀಕ್ಷೆಯ ದಿನ ಮೇಜಿನ ಮೇಲೆ ಮಡಕೆ, ಹಿತ್ತಾಳೆ ಕೊಡ, ಒಂದು ಬಿಳಿ ಬಟ್ಟೆ. ಯಾವ ಮಾಧ್ಯಮವಾದರೂ ನಡೆಯುತ್ತದೆ ಎಂದಿದ್ದರು. ಬಲಗೈ ಪೆನ್ಸಿಲ್ ಹಿಡಿದು ನೀಟಾಗಿ ಎಲ್ಲ ಬಿಡಿಸಿತು. ಅಳತೆ ಸರಿ, ಅಂಚು ಸರಿ. ನೋಡುತ್ತೇನೆ, ಜೀವವೇ ಇಲ್ಲ.

ಹಾಗೇ ಕೊಟ್ಟು ಬಂದರೆ ಪಾಸು ಖಾತ್ರಿ. ಅಪ್ಪನ ಮಾತು ಕಿವಿಯಲ್ಲೇ ಇದೆ. ಬೆಂಚಿನ ಕೆಳಗೆ ಕಾಲು ಸುಮ್ಮನೆ ಕುಣಿಯುತ್ತಿದೆ...

ಎಡಗೈಯಲ್ಲಿ ಇದ್ದಿಲು ತಗೊಂಡೆ. ಆ ನೀಟು ಗೆರೆಗಳ ಮೇಲೆಯೇ, ಮಡಕೆಯ ಹಿಂದಿನ ಕತ್ತಲೆಯಿಂದ ಶುರು ಮಾಡಿದೆ.

"ಏ ಹುಚ್ಚಿ, ಏನ್ ಮಾಡಾಕತ್ತೀ!" ಪಕ್ಕದ ಹುಡುಗಿ ಪಿಸುಗುಟ್ಟಿದಳು. ಅಷ್ಟೊತ್ತಿಗೆ ಹಿಂದೆ ಹೋಗುವ ದಾರಿ ಇರಲಿಲ್ಲ.

ಪಾಸಾದೆ. ಆದರೆ ಆ ಪೇಪರಿನಲ್ಲಿ ಹೇಗೋ ದಡ ಸೇರಿದ್ದೆ, ಅಷ್ಟು ಕಡಿಮೆ ಮಾರ್ಕ್ಸ್ ನನಗೆ ಎಂದೂ ಬಂದಿರಲಿಲ್ಲ. ಮೇಡಂ ನಕ್ಕರು. "ಅವರಿಗಿ ಹಿಡಿಸಿಲ್ಲ. ನಿಂಗ ಹಿಡಿಸ್ಯಾದ ಇಲ್ಲ?"

"ಇನ್ನಾ ಗೊತ್ತಿಲ್ರಿ ಮೇಡಂ" ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಈಗ ನಾನೇ ಡ್ರಾಯಿಂಗ್ ಟೀಚರ್. ಆದರೂ ಒಂದು ಚಿತ್ರ ಸಲೀಸಾಗಿ ಬಂತೆಂದರೆ ಸಾಕು, ಅನುಮಾನ ಶುರುವಾಗುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ.

ನಿಮ್ಮ ಕೈಗೆ ತುಂಬ ಚೆನ್ನಾಗಿ ಬರುವ ಕೆಲಸವನ್ನು ನೀವು ಎಂದಾದರೂ ಬೇಕಂತಲೇ ಕೆಡಿಸಿ ನೋಡಿದ್ದೀರಾ?